ಅಣ್ಣನ ರಕ್ತದಲ್ಲಿ ಇದ್ದದ್ದು

ಜನವರಿ 8, 2024, ಸೋಮವಾರ

ಅಣ್ಣನನ್ನು ಇವತ್ತು ನಾನು ಪಾಠ ಹೇಳುವ ಹೊಸಪೇಟೆಯಲ್ಲೇ ಆಸ್ಪತ್ರೆಗೆ ಸೇರಿಸಿದೆ. ಸಂಡೂರಿನಲ್ಲಿ ಅವನ ಜೊತೆ ಟಿಪ್ಪರ್ ಓಡಿಸುವ ಹಂಪೇಶ್ ನಿನ್ನೆ ಅವನನ್ನು ಕಮಲಾಪುರದ ಮನೆಗೆ ತಂದು ಬಿಟ್ಟು ಹೋಗಿದ್ದ. ಅವ್ವ ಫೋನಿನಲ್ಲಿ, ದುರುಗೇಶಗೆ ತಲೆನೋವು, ಬಂದು ನೋಡಿ ಹೋಗು ಅಂದಳು ಅಷ್ಟೆ. ತಲೆನೋವಿಗೆಲ್ಲ ನಾನೇಕೆ, ಪ್ರಾಕ್ಟಿಕಲ್ ಪರೀಕ್ಷೆ ತಲೆ ಮೇಲಿದೆ ಅಂತ ಗೊಣಗಿಕೊಂಡೇ ಬಸ್ಸು ಹತ್ತಿದ್ದೆ.

ಒಳಗಿನ ಕೋಣೆಯಲ್ಲಿ ಕತ್ತಲು ಮಾಡಿಕೊಂಡು ಮಲಗಿದ್ದ. ಬಾಗಿಲು ತೆಗೆದರೆ ಬೆಳಕಿಗೆ ಮುಖ ಮುಚ್ಚಿಕೊಳ್ಳುತ್ತಾನೆ. ಅಂಗಿ ಹಾಕಿದ ಕೋಲಿನಂತಾಗಿದ್ದಾನೆ. ದಸರೆಗೆ ಬಂದಾಗಲೂ ಇಳಿದಿದ್ದ, ಊಟ ಸರಿ ಇಲ್ಲ ಅಂದುಕೊಂಡೆವು. ವಾರಗಟ್ಟಲೆ ತಲೆನೋವಿನ ಗುಳಿಗೆ ನುಂಗಿಕೊಂಡು ಅದಿರಿನ ಲೋಡು ಹೊಡೆದಿದ್ದಾನೆ. ಆಟೋದಲ್ಲಿ ಎರಡು ಸಲ ವಾಂತಿ ಮಾಡಿದ. 'ನಿನ್ನ ಸೀರಿಗೆ ಬಿತ್ತೇನು ರಾಣಿ' ಅಂತ ಕೇಳಿದ. ಬಿದ್ದಿತ್ತು.

ಕಾಲೇಜಿಗೆ ಫೋನ್ ಮಾಡಿ ಅಣ್ಣನಿಗೆ ಟೈಫಾಯ್ಡ್ ಅಂದೆ. ಡಾಕ್ಟರು ಇನ್ನೂ ಏನೂ ಹೇಳಿರಲಿಲ್ಲ. ಯಾಕೆ ಹಾಗೆ ಅಂದೆನೋ.

ಜನವರಿ 10, ಬುಧವಾರ

ಎಚ್‌ಐವಿ.

ಡಾ. ಸ್ಫೂರ್ತಿ ಮೊದಲು ಅಣ್ಣನನ್ನು ಕೇಳಿದರು, ನಿಮ್ಮ ತಂಗಿಗೆ ಹೇಳಬಹುದಾ ಅಂತ. ಅವನು ಗೋಡೆ ಕಡೆ ತಿರುಗಿಕೊಂಡು ಹೂಂ ಅಂದ. ಆಮೇಲೆ ನನ್ನನ್ನು ಕೋಣೆಗೆ ಕರೆದು ಕೂರಿಸಿದರು. ಕಂಪ್ಲಿಯವರು, ತಂದೆಗೆ ಅಲ್ಲಿ ರೈಸ್ ಮಿಲ್ಲು. ಹೆಚ್ಚುಕಡಿಮೆ ನನ್ನದೇ ವಯಸ್ಸು. ರೋಗ ಬಹಳ ಮುಂದೆ ಹೋಗಿದೆ, ಮೈಯಲ್ಲಿ ಹೋರಾಡುವ ಕಣಗಳು ಬೆರಳೆಣಿಕೆಯಷ್ಟು ಉಳಿದಿವೆ ಅಂದರು. ಮಾತನ್ನು ಮೆತ್ತಗೆ ಮಾಡಲು ಹೋಗಲಿಲ್ಲ. ನಾನು ಜೀವಶಾಸ್ತ್ರ ಕಲಿಸುವವಳು ಅಂತ ಹೇಳಿಕೊಂಡಿದ್ದೇ ತಪ್ಪಾಯಿತೇನೋ.

ಅವನಿಗೆ ನಾಲ್ಕು ವರ್ಷದ ಹಿಂದೆಯೇ ಗೊತ್ತಿತ್ತು. ಗುಳಿಗೆ ತೆಗೆದುಕೊಳ್ಳುತ್ತಿದ್ದ, ಮೈ ಕೈ ತುಂಬಿಕೊಂಡಿತ್ತು. ಒಂದು ದಿನ ಗುಳಿಗೆ ತರಲು ಹೋದಲ್ಲಿ ನಮ್ಮೂರಿನವನೊಬ್ಬ ಕಂಡು, 'ನೀ ಇಲ್ಲ್ಯಾಕ ಬಂದೀಯಲೇ' ಅಂದನಂತೆ. ಅವನೇ ಅಲ್ಲಿಗೆ ಯಾಕೆ ಬಂದಿದ್ದನೋ ಅಂತ ಇವನಿಗೆ ಹೊಳೆಯಲೇ ಇಲ್ಲ. ಅಂದಿನಿಂದ ಆ ಕಡೆ ತಲೆ ಹಾಕಲಿಲ್ಲ.

ಪ್ರತಿ ವರ್ಷ ಬೋರ್ಡಿನ ಮೇಲೆ ಕವಲೊಡೆದ ಕಡ್ಡಿಯಂತಹ ಚಿತ್ರ ಬರೆದು, ಇದು ಪ್ರತಿಕಾಯ, ನಮ್ಮ ಮೈಯ ಕಾವಲುಗಾರ ಅನ್ನುತ್ತೇನೆ. ಅಣ್ಣನ ರಕ್ತದಲ್ಲಿ ಆ ಪರೀಕ್ಷೆ ಹುಡುಕಿದ್ದು ಅದನ್ನೇ. ಪ್ರತಿಕಾಯ ಸಿಕ್ಕಿದೆ, ಆದ್ದರಿಂದ ರೋಗ ಇದೆ. ಕಾವಲುಗಾರ ಬಾಗಿಲಲ್ಲೇ ಇದ್ದಾನೆ, ಒಳಗೆ ಮನೆ ಲೂಟಿಯಾಗಿದೆ.

ಅವ್ವನಿಗೆ, ಮೆದುಳಿಗೆ ಸೋಂಕು ಅಂತ ಮಾತ್ರ ಹೇಳಿದೆ. ಅವನ ಬಟ್ಟೆ ತೊಳೆದು ಬಂದು ಕೈಗೆ ಮೂರು ಸಲ ಸೋಪು ಹಾಕಿಕೊಂಡೆ. ಬಟ್ಟೆಯಿಂದ ಬರುವುದಿಲ್ಲ ಅಂತ ನನಗೆ ಗೊತ್ತು.

ಜನವರಿ 11, ಗುರುವಾರ

ಬೆನ್ನಿನಿಂದ ನೀರು ತೆಗೆದು ನೋಡಿದರು. ಶಿಲೀಂಧ್ರ. ಕ್ರಿಪ್ಟೊಕಾಕಸ್ ಅಂತ ಹೆಸರು. ಮೆದುಳಿನ ಪೊರೆಗೆ ಹಬ್ಬಿದೆ.

ಸ್ಫೂರ್ತಿ ಮೇಡಂ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಕಪ್ಪು ಶಾಯಿಯ ನಡುವೆ ದುಂಡಗಿನ ಕಣಗಳು, ಒಂದೊಂದರ ಸುತ್ತಲೂ ಬೆಳ್ಳನೆ ಬಳೆ. ಆ ಬಳೆಯೇ ಅದರ ಅಂಟಿನ ಕವಚವಂತೆ. ನೋಡಲು ಚಂದ ಇತ್ತು. ಚಂದ ಅಂತ ಅನಿಸಿದ್ದಕ್ಕೆ ಹೇಸಿಗೆಯಾಯಿತು.

ಇದು ಎಲ್ಲಿಂದ ಬಂತು ಅಂತ ಕೇಳಿದೆ. ಮಣ್ಣಿನಲ್ಲಿರುತ್ತದೆ, ಪಾರಿವಾಳದ ಹಿಕ್ಕೆಯಲ್ಲಿರುತ್ತದೆ, ನಾವೆಲ್ಲ ಉಸಿರಲ್ಲಿ ಎಳೆದುಕೊಂಡೇ ಇರುತ್ತೇವೆ, ನಿಮ್ಮಲ್ಲಿ ನನ್ನಲ್ಲಿ ಏನೂ ಮಾಡುವುದಿಲ್ಲ ಅಂದರು. ಆದರೂ ಮಧ್ಯಾಹ್ನವೆಲ್ಲ ಅದನ್ನೇ ಹುಡುಕಿದೆ. ಹಂಪಿಯ ಮಂಟಪಗಳಲ್ಲಿ ಪಾರಿವಾಳ ತುಂಬಿವೆ. ಚಿಕ್ಕವನಿದ್ದಾಗ ಅಲ್ಲೇ ಬಿದ್ದಿರುತ್ತಿದ್ದ. ಸಂಡೂರಿನಲ್ಲಿ ಅವನು ಇರುವ ಜಾಗ ನಾನು ನೋಡಿಯೇ ಇಲ್ಲ. ಅಲ್ಲಿ ಇದ್ದೀತು.

ಎಚ್‌ಐವಿ ಗುಳಿಗೆ ಈಗಲೇ ಶುರು ಮಾಡಿ ಅಂದೆ. ಒಂದು ತಿಂಗಳಾದರೂ ಕಾಯಬೇಕಂತೆ. ಮೊದಲು ಶಿಲೀಂಧ್ರ ತಗ್ಗಬೇಕು. ಅದು ಮೆದುಳಲ್ಲಿ ತುಂಬಿರುವಾಗ ಮೈಗೆ ಬಲ ಬಂದರೆ ಆ ಬಲವೇ ಅಲ್ಲಿ ಕಾದಾಡಿ ಕೊಲ್ಲಬಹುದು ಅಂದರು.

ಜನವರಿ 14, ಭಾನುವಾರ

ಒಬ್ಬ ಹೆಂಗಸು ವಾರ್ಡಿನ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಯಾರು ಬೇಕು ಅಂದರೆ 'ದುರುಗೇಶ' ಅಂದಳು, ಮನೆಯವರು ಅನ್ನುವ ಹಾಗೆ. ಹೆಸರು ಕರೆಮ್ಮ. ಸಂಡೂರಿನಲ್ಲಿ ಡ್ರೈವರುಗಳು ಉಣ್ಣುವ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳಂತೆ. ಗಂಡ ಸತ್ತು ಬಹಳ ವರ್ಷ. ಅಣ್ಣ ಅವಳ ಮನೆಯಲ್ಲೇ ಇದ್ದನಂತೆ, ಮೂರು ವರ್ಷದಿಂದ. ನಮಗೆ ಯಾರಿಗೂ ಒಂದು ಮಾತಿಲ್ಲ.

ನನ್ನ ಮೈಯೆಲ್ಲ ಉರಿದು ಹೋಯಿತು. ಕಾರಿಡಾರಿನಲ್ಲಿ ಜನ ಇದ್ದರು. ಹತ್ತಿರ ಹೋಗಿ, ದನಿ ಏರಿಸದೆ ಹೇಳಿದೆ. 'ಅವನಿಗೆ ಎಚ್‌ಐವಿ ಐತಿ. ನಿನ್ನಿಂದನ ಬಂದಿರಬೇಕು. ಇನ್ನೊಂದ್ಸಲ ಇಲ್ಲಿಗೆ ಬರಬ್ಯಾಡ.'

ಅವಳು ಡಬ್ಬಿಯನ್ನು ಬೆಂಚಿನ ಮೇಲೆ ಇಟ್ಟಳು, ಮತ್ತೆ ತೆಗೆದುಕೊಂಡಳು. ಅವಳ ಮುಖ ನೋಡಿದರೆ ಅವಳಿಗೆ ಆ ಮಾತು ಇವತ್ತೇ ಗೊತ್ತಾದ ಹಾಗಿತ್ತು. ನಟನೆ ಇದ್ದೀತು. ಮೆಟ್ಟಿಲಿಳಿದು ಹೋದಳು.

ಇವಳ ಮನೆ ಸೇರುವ ಒಂದು ವರ್ಷ ಮೊದಲೇ ಅವನಿಗೆ ಇತ್ತಲ್ಲ ಅಂತ ಈಗ ಬರೆಯುವಾಗ ಲೆಕ್ಕ ಬರುತ್ತಿದೆ. ಇರಲಿ. ಅಂಥವಳು ಅಂಥವಳೇ.

ಜನವರಿ 15, ಸೋಮವಾರ

ಸಂಕ್ರಾಂತಿ. ಜನ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹಂಪಿಗೆ ಹೊಳೆಸ್ನಾನಕ್ಕೆ ಹೊರಟಿದ್ದರು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ.

ಅಣ್ಣ 'ಯಾರಾದ್ರೂ ಬಂದಿದ್ರೇನು' ಅಂತ ಕೇಳಿದ. ಇಲ್ಲ ಅಂದೆ.

ಜನವರಿ 17, ಬುಧವಾರ

ಸ್ಫೂರ್ತಿ ಮೇಡಂ ಒಂದು ಅಧ್ಯಯನ ಮಾಡುತ್ತಿದ್ದಾರೆ. ಎಚ್‌ಐವಿ ಮುಂದುವರಿದ ಎಲ್ಲರಿಗೂ ಈ ಶಿಲೀಂಧ್ರ ಬರುವುದಿಲ್ಲವಂತೆ. ಅಷ್ಟೇ ಸೊರಗಿದ ಇನ್ನೊಬ್ಬನಿಗೆ ಏನೂ ಆಗಿರುವುದಿಲ್ಲ. ವ್ಯತ್ಯಾಸ ಅವರ ಪ್ರತಿಕಾಯಗಳಲ್ಲಿ ಇರಬಹುದಾ ಅಂತ ನೋಡುತ್ತಿದ್ದಾರೆ. ನಿಮ್ಮ ರಕ್ತ ಕೊಡುತ್ತೀರಾ, ಇದರಿಂದ ನಿಮಗೆ ಏನೂ ಉಪಯೋಗ ಆಗುವುದಿಲ್ಲ ಅಂತ ಸ್ಪಷ್ಟವಾಗಿ ಅಣ್ಣನಿಗೇ ಹೇಳಿದರು. 'ತಗೋರಿ, ಹೆಂಗೂ ದಿನಾ ತಗೊಂತೀರಿ' ಅಂದ.

ಅವನಲ್ಲಿ ಪ್ರತಿಕಾಯ ಇದೆಯಾ ಅಂತ ಕೇಳಿದೆ. ಬೇಕಾದಷ್ಟಿವೆ, ನಿಮ್ಮ ರಕ್ತಕ್ಕಿಂತ ಹೆಚ್ಚೇ ಇರಬಹುದು ಅಂದರು. ಆದರೆ ಬಹುಪಾಲು ಯಾವುದಕ್ಕೂ ಸರಿಯಾಗಿ ಅಂಟದವು. ಅಂಟಿದರೂ ಪ್ರತಿಕಾಯದ ಕೆಲಸ ಗುರುತು ಹಾಕುವುದು. ಇವನು ಕಳ್ಳ ಅಂತ ಬೆನ್ನ ಮೇಲೆ ಸುಣ್ಣದ ಕೈ ಬಡಿದಂತೆ. ಹಿಡಿದು ನುಂಗುವ ಕಣ ಬೇರೆ, ಅದಕ್ಕೆ ಹುರುಪು ಕೊಟ್ಟು ಕಳಿಸುವ ಕಣ ಇನ್ನೊಂದು. ಆ ಇನ್ನೊಂದನ್ನೇ ಎಚ್‌ಐವಿ ತಿಂದುಹಾಕಿದೆ.

ಇದನ್ನೆಲ್ಲ ನಾನು ಪಾಠದಲ್ಲಿ ಹೇಳುತ್ತೇನೆ, ಎರಡು ಅಂಕದ ಪ್ರಶ್ನೆಗೆ ಉತ್ತರವಾಗಿ.

ಜನವರಿ 18, ಗುರುವಾರ

ಸಲೈನಿನಲ್ಲಿ ಔಷಧಿ ಇಳಿಯುವಾಗ ಚಳಿ ಬಂದು ಮಂಚ ಅಲ್ಲಾಡುತ್ತದೆ. ತಲೆಯೊಳಗಿನ ನೀರಿನ ಒತ್ತಡ ಇಳಿಯಬೇಕಾದರೆ ಬೆನ್ನಿನಿಂದ ಮತ್ತೆ ಮತ್ತೆ ತೆಗೆಯಬೇಕು. ಇವತ್ತು ಅಣ್ಣ ಒಲ್ಲೆ ಅಂದ. ಅವ್ವನೂ ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬೀಳುತ್ತವೆ ಅಂತ ಅಳುತ್ತಾ ಕೂತಳು. ಒತ್ತಡ ಹೆಚ್ಚಾದರೆ ಕಣ್ಣಿನ ನರ ಹೋಗುತ್ತದೆ ಅಂತ ಮೇಡಂ ಬಿಡಿಸಿ ಹೇಳಿದರು. ನಾನೂ ಹೇಳಿದೆ, ಚಿತ್ರ ಬರೆದು ತೋರಿಸಿದೆ. ಅವನು ಕಣ್ಣು ಮುಚ್ಚಿಕೊಂಡೇ ಇದ್ದ. 'ಕರೆಮ್ಮನ್ನ ಕರಸು, ಆಮ್ಯಾಲ ಚುಚ್ಚಿಸಿಕೊಂತೀನಿ' ಅಂದ.

ಸಂಡೂರು ದೂರ, ನೋಡೋಣ ಅಂದೆ.

ಜನವರಿ 19, ಶುಕ್ರವಾರ

ಇವತ್ತೂ ಒಲ್ಲೆ ಅಂದ. ನಾನು ಬಯ್ದೆ.

ಜನವರಿ 20, ಶನಿವಾರ

ಬೆಳಿಗ್ಗೆ ಅಣ್ಣ, ಕರೆಂಟ್ ಹೋಗೈತೇನು ಅಂತ ಕೇಳಿದ. ಕಿಟಕಿಯಿಂದ ಬಿಸಿಲು ಅವನ ಮುಖದ ಮೇಲೇ ಬಿದ್ದಿತ್ತು.

ಹಂಪೇಶನಿಗೆ ಫೋನ್ ಮಾಡಿ ಆ ಹೆಂಗಸಿನ ನಂಬರು ತೆಗೆದುಕೊಂಡೆ. ಬರ್ರಿ ಅಂದೆ. ಯಾಕೆ ಅಂತ ಕೇಳಲಿಲ್ಲ, ಬಸ್ ಸಿಕ್ಕ ಕೂಡ್ಲೆ ಬರತೀನಿ ಅಂದಳು.

ಜನವರಿ 21, ಭಾನುವಾರ

ಕರೆಮ್ಮ ಮಂಚದ ಪಕ್ಕದಲ್ಲಿ ನಿಂತು ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಅವನು ಮೊಣಕಾಲು ಮಡಿಸಿ ಬೆನ್ನು ಬಾಗಿಸಿ ಮಲಗಿದ. ಸೂಜಿ ಹೋಗುವಾಗ ಅವನು ಅವಳ ಸೆರಗು ಕಚ್ಚಿದ. ನೀರು ಚಿಲುಮೆಯಂತೆ ಬಂತು. ತಲೆನೋವು ಗಂಟೆಯೊಳಗೆ ಇಳಿಯಿತು. ಕಣ್ಣು ಬರಲಿಲ್ಲ. ಬರುವುದಿಲ್ಲ ಅಂತಲೇ ಮೇಡಂ ಅಂದರು.

ಊಟದ ಹೊತ್ತಿಗೆ ಹೊರಗೆ ಬೆಂಚಿನ ಮೇಲೆ ಕೂತಾಗ ಕರೆಮ್ಮ ತಾನಾಗಿಯೇ ಹೇಳಿದಳು. 'ಅವ ನನಗ ಹೇಳಿರಲಿಲ್ಲ. ಹೇಳಿದ್ರ ಬಿಟ್ಟು ಹೋಗ್ತಾಳ ಅಂತ ಹೆದರಿದ್ನೇನೋ. ನನ್ನ ಗಂಡನೂ ಹಿಂಗ ಸೊರಗಿ ಸತ್ತ. ಆಗ ಯಾರೂ ಏನೂ ಹೇಳಲಿಲ್ಲ. ಯಾರಿಂದ ಯಾರಿಗೆ ಬಂತು ಅಂತ ಹೆಂಗ ಹೇಳೂದು?'

ಅವಳ ಡಬ್ಬಿಯ ರೊಟ್ಟಿ ತಿಂದೆ. ಹೀರೆಕಾಯಿ ಪಲ್ಯ ಚೆನ್ನಾಗಿತ್ತು.

ಜನವರಿ 27, ಶನಿವಾರ

ಅಣ್ಣ ಎದ್ದು ಕೂರುತ್ತಾನೆ. ಅವ್ವನಿಗೆ ರೋಗದ ಹೆಸರು ಹೇಳಿದೆ. ನಮ್ಮ ಓಣ್ಯಾಗ ಯಾರಿಗೂ ಹೇಳಬ್ಯಾಡ ಅಂದಳು. ಆಯ್ತು ಅಂದೆ.

ಇವತ್ತು ಸ್ಫೂರ್ತಿ ಮೇಡಂಗೆ ಒಂದು ಪ್ರಶ್ನೆ ಕೇಳಿದೆ, ನಾಚಿಕೆ ಬಿಟ್ಟು. ನಾನು ಅದೇ ಗಾಳಿ ಕುಡಿದು ಬೆಳೆದವಳು, ನನಗೆ ಏನೂ ಆಗಿಲ್ಲ. ಹಾಗಾದರೆ ಈ ಶಿಲೀಂಧ್ರಕ್ಕೆ ಸರಿಯಾಗಿ ಅಂಟುವ ಪ್ರತಿಕಾಯ ನನ್ನ ರಕ್ತದಲ್ಲಿ ಇರುತ್ತದಲ್ಲ. ಅದನ್ನು ತೆಗೆದು ಅವನಿಗೆ ಕೊಡಬಹುದಲ್ಲ.

ಅವರು ನಗಲಿಲ್ಲ. ಪ್ರತಿಕಾಯವನ್ನೇ ಔಷಧಿಯಾಗಿ ಕೊಟ್ಟು ನೋಡುವ ಪ್ರಯತ್ನ ನಡೆದಿದೆ, ಇನ್ನೂ ಕೈಗೆ ಸಿಗುವ ಔಷಧಿಯಾಗಿಲ್ಲ ಅಂದರು. 'ನೀವು ಕೇಳಿದ್ದು ತಪ್ಪಲ್ಲ ಸುಧಾರಾಣಿ. ಕೇಳಿದ ಕಾಲ ಬ್ಯಾರೆ ಅಷ್ಟ.'

ಮೊದಲ ಸಲ ಅವರು ನಮ್ಮ ಕಡೆಯ ಮಾತಿನಲ್ಲಿ ಮಾತಾಡಿದರು. ಅದಕ್ಕೇ ಅಳು ಬಂತು ಅನಿಸುತ್ತದೆ.

ಫೆಬ್ರವರಿ 3, ಶನಿವಾರ

ಕಮಲಾಪುರಕ್ಕೆ ಕರೆತಂದೆವು. ಶಿಲೀಂಧ್ರದ ಗುಳಿಗೆ ಮನೆಯಲ್ಲೇ. ಕರೆಮ್ಮನೂ ಬಂದಳು. ಅವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, ಯಾರ ಪೈಕಿ ಅಂತ ಕೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅಣ್ಣ ಒಳಗಿನಿಂದ ಕರೆಮ್ಮನ ಹೆಸರು ಹಿಡಿದು ಕೂಗಿದ, ಗೋಡೆ ಎಲ್ಲಿದೆ ಅಂತ ಕೇಳಲು. ಅವ್ವ ಸುಮ್ಮನೆ ಚಾಪೆ ಹಾಸಿದಳು.

ಫೆಬ್ರವರಿ 12, ಸೋಮವಾರ

ಇವತ್ತು ಎಚ್‌ಐವಿ ಗುಳಿಗೆ ಶುರು. ಇಷ್ಟು ದಿನ ಕಾದಿದ್ದು ಇದಕ್ಕೆ. ಅಣ್ಣ ನುಂಗಿ, ನೀರು ಕುಡಿದು, ನಾಲಿಗೆ ಹೊರಗೆ ಚಾಚಿ ತೋರಿಸಿದ, ಸಣ್ಣ ಹುಡುಗರ ಹಾಗೆ. ಎಲ್ಲರೂ ನಕ್ಕೆವು. ನಗುವುದು ಬಹಳ ದಿನವಾಗಿತ್ತು.

ಫೆಬ್ರವರಿ 25, ಭಾನುವಾರ

ಹೊಳೆಯ ಕಡೆ ಕರಕೊಂಡು ಹೋಗು ಅಂದ. ಆಟೋದಲ್ಲಿ ನಾನು, ಅಣ್ಣ, ಕರೆಮ್ಮ ಅತ್ತಿಗಿ. ಹಂಪಿಯಲ್ಲಿ ನೀರಿನ ಹತ್ತಿರ ಬಂಡೆಯ ಮೇಲೆ ಕೂತೆವು. ಅವನು ಗಾಡಿಯ ಮಾತು ತೆಗೆದ. ಮಳೆಗಾಲದಲ್ಲಿ ಗಣಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದಿಲ್ಲ, ಎಂಜಿನ್ನಿನ ಸದ್ದು ಕೇಳಿಯೇ ಗೇರು ಇಳಿಸಬೇಕು, ಕಣ್ಣು ಅಲ್ಲಿ ಕೆಲಸಕ್ಕೆ ಬರುವುದಿಲ್ಲ ಅಂದ. ಹೇಳುತ್ತ ಹೇಳುತ್ತ ಕೈ ಗೇರಿನ ಮೇಲಿದ್ದಂತೆ ಆಡುತ್ತಿತ್ತು. ಆಮೇಲೆ, 'ಇನ್ನ ಓಡಸಾಕ ಆಗೂದಿಲ್ಲ ಅಲ್ಲ' ಅಂತ ನನ್ನನ್ನು ಕೇಳಿದ.

ನಾನು ಓದಿದವಳು ಅಂತ ಅವನು ಯಾವಾಗಲೂ ನನ್ನನ್ನೇ ಕೇಳುತ್ತಾನೆ. ಇಲ್ಲ ಅಣ್ಣ ಅಂದೆ. ಅತ್ತಿಗಿ ಅವನ ಕೈ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಮಾರ್ಚ್ 4, ಸೋಮವಾರ

ಜ್ವರ. ಮತ್ತೆ ತಲೆನೋವು, ಮೊದಲಿಗಿಂತ ಜೋರು. ಕುತ್ತಿಗೆ ಬಗ್ಗುವುದಿಲ್ಲ. ಹೊಸಪೇಟೆಗೆ ಓಡಿದೆವು.

ಬೆನ್ನಿನ ನೀರಿನಲ್ಲಿ ಬದುಕಿದ ಶಿಲೀಂಧ್ರ ಕಾಣುತ್ತಿಲ್ಲ. ಸತ್ತ ಚೂರುಗಳಿವೆ. ಎಚ್‌ಐವಿ ಗುಳಿಗೆ ಕೆಲಸ ಮಾಡಿದೆ, ಕಣಗಳು ಏರಿವೆ, ಬಂದ ಕಣಗಳು ಆ ಚೂರುಗಳ ಮೇಲೆ ಬಿದ್ದಿವೆ. ಅದಕ್ಕೇ ಮೆದುಳು ಬಾತಿದೆ. ಕಾದು ಕೊಟ್ಟರೂ ಕೆಲವರಿಗೆ ಹೀಗಾಗುತ್ತದೆ ಅಂತ ಸ್ಫೂರ್ತಿ ಮೇಡಂ ಹೇಳಿದರು. ಅವರ ಕಣ್ಣು ಕೆಂಪಗಿದ್ದವು.

ಅವನಿಗೆ ಬಲ ಬರಲಿ ಅಂತ ದಿನಾ ಮೊಟ್ಟೆ ಬೇಯಿಸಿ ಕೊಟ್ಟೆ. ಬಲ ಬಂತು.

ಮಾರ್ಚ್ 7, ಗುರುವಾರ

ಗುರುತು ಹಿಡಿಯುವುದಿಲ್ಲ. ಅವ್ವನನ್ನು ಕರೆಮ್ಮ ಅನ್ನುತ್ತಾನೆ, ನನ್ನನ್ನು ಹಂಪೇಶ ಅನ್ನುತ್ತಾನೆ. ಹೂಂ ಅನ್ನುತ್ತೇನೆ. ಲೋಡಾತೇನಲೇ ಅಂದ. ಆತು ಅಂದೆ.

ಮಾರ್ಚ್ 9, ಶನಿವಾರ

ಅಣ್ಣ ಹೋದ.

ಮಾರ್ಚ್ 14, ಗುರುವಾರ

ಬರೆಯಲು ಆಗಿರಲಿಲ್ಲ.

ಶನಿವಾರ ಮಧ್ಯಾಹ್ನ ಮನೆಗೆ ತಂದೆವು. ಓಣಿಯವರು ಬಂದು ಬಾಗಿಲಾಚೆ ನಿಂತರು. ಮೈ ತೊಳೆಸಲು ಯಾರೂ ಮುಂದೆ ಬರಲಿಲ್ಲ, ಏನಾಗಿತ್ತಂತ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡರು. ಎಚ್‌ಐವಿ ಇತ್ತು, ಸತ್ತದ್ದು ಮೆದುಳಿನ ಬಾವಿನಿಂದ, ನೀರು ಹಾಕಾಕ ಬರ್ರಿ ಅಂದೆ. ಹಂಪೇಶ ಅಂಗಿ ಬಿಚ್ಚಿ ಬಂದ. ಇನ್ನಿಬ್ಬರು ಬಂದರು. ಉಳಿದವರು ಅಲ್ಲೇ ನಿಂತರು. ಬುದ್ಧಂ ಶರಣಂ ಗಚ್ಛಾಮಿ ಅಂತ ತ್ರಿಶರಣ ಹೇಳಿ ಮಣ್ಣು ಮಾಡಿದೆವು. ಮಣ್ಣು ಒಣಗಿತ್ತು, ಗಾಳಿಗೆ ಕಣ್ಣಿಗೆ ಬಿತ್ತು.

ಅವ್ವ ನನ್ನ ಜೊತೆ ಮಾತಾಡುತ್ತಿಲ್ಲ. ಯಾಕೆ ಅಂತ ಕೇಳಲಿಲ್ಲ. ಬಾಳೆ ತೋಟದ ಕೆಲಸಕ್ಕೆ ಹೋಗಿ ಬಂದು ಗೋಡೆಗೆ ಒರಗಿ ಕೂತಿರುತ್ತಾಳೆ.

ಮಾರ್ಚ್ 19, ಮಂಗಳವಾರ

ಅತ್ತಿಗಿ ಸಂಡೂರಿಗೆ ಮರಳುವಷ್ಟರಲ್ಲಿ ಖಾನಾವಳಿಯ ಮಾಲೀಕರಿಗೆ ಸುದ್ದಿ ಮುಟ್ಟಿದೆ. ನಿನ್ನ ಕೈ ರೊಟ್ಟಿ ಯಾರೂ ತಿನ್ನಲ್ಲ, ಬರಬ್ಯಾಡ ಅಂದರಂತೆ. ಒಂದು ಚೀಲ ಹಿಡಿದು ಹೊಸಪೇಟೆಯ ನನ್ನ ರೂಮಿಗೆ ಬಂದಳು. ಅವಳನ್ನು ಕರೆದುಕೊಂಡು ಹೋಗಿ ಪರೀಕ್ಷೆಗೆ ರಕ್ತ ಕೊಡಿಸಿದೆ. ಅವಳು ನಡೆಯುವುದು, ಕೂರುವುದು ಎಲ್ಲ ನಾನು ಹೇಳಿದ ಹಾಗೆ. ಯಾವುದೂ ತನಗೆ ಸಂಬಂಧ ಇಲ್ಲದಂತೆ.

ಮಾರ್ಚ್ 22, ಶುಕ್ರವಾರ

ಅವಳಿಗೂ ಇದೆ. ಕಣಗಳು ಬಹಳ ಕಡಿಮೆ. ರಕ್ತದಲ್ಲಿ ಅದೇ ಶಿಲೀಂಧ್ರದ ಕವಚದ ಅಂಶ ಸಿಕ್ಕಿದೆ. ಬೆನ್ನಿನ ನೀರು ಮಾತ್ರ ಶುದ್ಧವಾಗಿದೆ, ಇನ್ನೂ ತಲೆಗೆ ಏರಿಲ್ಲ. ತಲೆನೋವು ಬರುವ ಮೊದಲೇ ಕೈಗೆ ಸಿಕ್ಕಿದ್ದಾರೆ, ಈಗಲೇ ಗುಳಿಗೆ ತೆಗೆದುಕೊಂಡರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ ಅಂದರು ಸ್ಫೂರ್ತಿ ಮೇಡಂ.

ಇಷ್ಟು ಸೊರಗಿದ್ದರೂ ಮೆದುಳಿಗೆ ಬಿಡದೆ ಇವಳ ಮೈ ಅದನ್ನು ಹೇಗೆ ತಡೆದು ಹಿಡಿದಿದೆ ಅಂತ ಅವರಿಗೆ ನೋಡಬೇಕಿದೆ. ಅಧ್ಯಯನಕ್ಕೆ ರಕ್ತ ಕೇಳಿದರು. 'ನನ್ನ ರಕ್ತದಾಗ ಏನೈತ್ರಿ' ಅಂದಳು ಅತ್ತಿಗಿ. ಅದನ್ನ ನೋಡಾಕತ್ತೀವಿ, ಇನ್ನೂ ಗೊತ್ತಿಲ್ಲ ಅಂದರು ಮೇಡಂ. ಅಣ್ಣನ ರಕ್ತದ ಫಲಿತಾಂಶ ಯಾವಾಗ ಬರುತ್ತದೆ ಅಂತ ಕೇಳಿದೆ. ಬರಲು ಒಂದು ವರ್ಷವೇ ಆಗಬಹುದು, ಬಂದರೂ ಹೆಸರಿರುವುದಿಲ್ಲ, ಎಲ್ಲರದೂ ಸೇರಿ ಒಂದು ಮಾತು ಹೊರಡುತ್ತದೆ ಅಷ್ಟೆ.

ಅತ್ತಿಗಿ ಸೆರಗು ಸರಿಸಿ ಕೈ ಚಾಚಿದಳು.

ಮಾರ್ಚ್ 28, ಗುರುವಾರ

ಕಾಲೇಜಿನಲ್ಲಿ ಸಹೋದ್ಯೋಗಿ ಸುಮಂಗಲಾ, ಮನೆಯಲ್ಲಿ ಯಾರೋ ಇದ್ದಾರಂತೆ ಅಂದರು. ನಮ್ಮ ಅತ್ತಿಗಿ, ಎಚ್‌ಐವಿ ಇದೆ, ಗುಳಿಗೆ ಕೊಡಿಸುತ್ತಿದ್ದೇನೆ ಅಂದೆ. ಅವರು ಮಾತು ಬದಲಿಸಿದರು. ಮೌಲ್ಯಮಾಪನಕ್ಕೆ ಹೋಗುವ ವಿಷಯ ಮಾತಾಡಿದೆವು.

ಬೆಳಿಗ್ಗೆಯದು ಬರೆಯಬೇಕು. ಶಿಲೀಂಧ್ರದ ಗುಳಿಗೆ ಅಂಗೈಯಲ್ಲಿ ಇಟ್ಟುಕೊಂಡು ಅತ್ತಿಗಿ ಹಾಗೇ ಕೂತಿದ್ದಳು. ನಾನು ಡಬ್ಬಿಗೆ ಅನ್ನ ತುಂಬಿ, ಜಡೆ ಹಾಕಿಕೊಂಡು ಬಂದರೂ ಕೂತೇ ಇದ್ದಳು.

'ಅವ ಎಲ್ಲಾ ನುಂಗಿದ ಸುಧಾ. ಒಂದೂ ಬಿಡಲಿಲ್ಲ, ನಾನ ಕೈಯಾರ ಕೊಟ್ಟೆ' ಅಂದಳು. 'ನಾ ಉಳದು ಏನ್ ಮಾಡ್ಲಿ?'

ಹತ್ತಿರ ಹೋಗಿ ಕೂತೆ. ಏನಾದರೂ ಹೇಳಬೇಕಿತ್ತು. ನಿನಗೆ ಬೇರೆ, ನಿನ್ನದು ತಲೆಗೆ ಏರಿಲ್ಲ, ಮೊದಲೇ ಸಿಕ್ಕಿದೆ ಅಂತ ಮೇಡಂ ಹೇಳಿದ್ದನ್ನೆಲ್ಲ ಹೇಳಬಹುದಿತ್ತು. ಅವಳು ಅದನ್ನೆಲ್ಲ ನನ್ನ ಜೊತೆಯೇ ಕೂತು ಕೇಳಿದ್ದಾಳೆ. ಹೊರಗೆ ನಲ್ಲಿಯ ನೀರು ಬಂದು, ಜನ ಕೊಡ ಇಡುವ ಸದ್ದು ಕೇಳುತ್ತಿತ್ತು.

'ಗೊತ್ತಿಲ್ಲ ಅತ್ತಿಗಿ. ನನಗೂ ಗೊತ್ತಿಲ್ಲ' ಅಂದೆ. 'ಇವತ್ತಿಂದೊಂದು ತಗೋ.'

ನನ್ನ ಮುಖ ನೋಡಿದಳು. ಆಮೇಲೆ ಬಾಯಿಗೆ ಹಾಕಿಕೊಂಡಳು. ನೀರು ಕೊಟ್ಟೆ. ನುಂಗಿ, ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು.

ನಾಳೆ ಮತ್ತೆ ಕೇಳುತ್ತಾಳೆ. ನಾಳೆಯ ಗುಳಿಗೆ ತೆಗೆದು ನೀರಿನ ಲೋಟದ ಪಕ್ಕ ಇಟ್ಟಿದ್ದೇನೆ.